ಇಶ್ ಮುಯಾಲಳ ಕೋಕೋ ಬಟ್ಟಲು

ತೂನ್ ಹಾ, ನದಿ ದಂಡೆ
೮ ಲಮತ್, ಸಿಪ್ ತಿಂಗಳ ೬

ದೊಡ್ಡಮ್ಮ,

ಉಪ್ಪು ಹೊರುವ ಕುತ್ಸ್ ಕೊನೆಗೂ ಬಂದ. ಅವನ ಮುಖ ಕಂಡು ಸಂತೋಷಪಟ್ಟ ಹೆಂಗಸು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಅವನ ಬುಟ್ಟಿಯನ್ನು ತಳದವರೆಗೂ ತಡಕಿದೆ. ನಿನ್ನ ಕಾಗದ ಇರಲಿಲ್ಲ. "ಯಾಕೋ, ದೊಡ್ಡಮ್ಮ ಏನೂ ಕೊಡ್ಲಿಲ್ವಾ?" ಎಂದರೆ, "ಕೇಳೋಕೆ ಹೋದೆ ಕಣಮ್ಮ, ಬಾಗ್ಲಲ್ಲೇ ಬೈದು ಕಳಿಸಿದ್ರು" ಎಂದ. ಬೈಯುವಷ್ಟು ಚೆನ್ನಾಗಿದ್ದೀಯಲ್ಲ, ಅಷ್ಟು ಸಾಕು.

ಈ ಊರಿನವರಿಗೆ ಈಗ ತೆಂಕಣ ಕಡಲತೀರದಿಂದ ಬರುವ ಬೂದು ಬಣ್ಣದ ಪಾತ್ರೆಗಳ ಹುಚ್ಚು ಹಿಡಿದಿದೆ. ನೀನು ನೋಡಿಲ್ಲ. ಮೈಯೆಲ್ಲ ಕರಗಿ ಗಟ್ಟಿಯಾದ ಹಾಗೆ ಹೊಳೆಯುತ್ತದೆ, ಉಗುರು ತಾಗಿಸಿದರೆ ಟಿಣ್ ಎನ್ನುತ್ತದೆ. ನಾವು ಕಲ್ಲಿನಲ್ಲಿ ಉಜ್ಜಿ ಉಜ್ಜಿ ತರುವ ಹೊಳಪನ್ನು ಅವರು ಬೆಂಕಿಯಿಂದಲೇ ತರುತ್ತಾರೆ. ನನಗೂ ಹಟ ಬಂತು. ಪಾತ್ರೆ ಸುಡುವ ಆವಿಗೆ ಕೆಂಪಗೆ ಕಾದಾಗ ಹಸಿ ಎಲೆ ಒಟ್ಟಿ, ಮೇಲೆ ಒದ್ದೆ ಮಣ್ಣು ಮುಚ್ಚಿ ಉಸಿರು ಕಟ್ಟಿಸಿದೆ. ತೆಗೆದು ನೋಡಿದರೆ ಹೂಜಿಯ ಒಂದು ಮಗ್ಗುಲು ಬೂದಿಯ ಬಣ್ಣಕ್ಕೆ ಮಿರುಗುತ್ತಿದೆ, ಇನ್ನೊಂದು ಮಗ್ಗುಲು ನಮ್ಮೂರ ಕಿತ್ತಳೆ ಬಣ್ಣದಲ್ಲೇ ಉಳಿದಿದೆ. ನಮ್ಮತ್ತೆ ಅದನ್ನು ತಿರುಗಿಸಿ ನೋಡಿ, "ನಿನ್ ಥರಾನೇ ಇದೆ. ಅರ್ಧ ನಮ್ಮೂರು, ಅರ್ಧ ನಿಮ್ಮೂರು" ಎಂದರು. ನಕ್ಕರು, ಆದರೆ ತಮ್ಮ ಕೋಣೆಯಲ್ಲೇ ಇಟ್ಟುಕೊಂಡರು.

ಅದರ ಅಂಚಿನಲ್ಲಿ ನನ್ನ ಹೆಸರು ಬರೆದಿದ್ದೇನೆ. ಈ ಊರಿನ ಹೆಂಗಸರು ಮಣ್ಣು ಮಿದಿಯುತ್ತಾರೆ, ಉಜ್ಜುತ್ತಾರೆ, ಕುಂಚ ಮಾತ್ರ ಮುಟ್ಟುವ ಹಾಗಿಲ್ಲ. ನಾನು ಮುಟ್ಟಬಹುದು. ನಾನು ಸಕ್ ನಾಬ್ ಊರಿನಿಂದ ಸಂಧಿಗಾಗಿ ಕೊಟ್ಟ ಹೆಣ್ಣು, ನನ್ನ ಹೆಸರು ಬರೆದ ಕೋಕೋ ಬಟ್ಟಲು ಇನ್ನೂ ತವರಿನ ಗೂಡಿನಲ್ಲಿದೆ, ಅದು ಇರುವವರೆಗೆ ನನ್ನ ಹಿಂದೆ ಜನ ಇದ್ದಾರೆ. ಆ ಬಟ್ಟಲಲ್ಲಿ ಯಾರಿಗೂ ಕುಡಿಯಲು ಕೊಡಬೇಡ. ಅಪ್ಪ ಕೇಳಿದರೂ ಕೊಡಬೇಡ.

ದೋಣಿಗಟ್ಟೆ ಯಾರದೆಂದು ಎರಡೂ ಊರಿನ ದೊರೆಗಳು ಜಗಳಕ್ಕೆ ನಿಂತಿದ್ದಾರಂತೆ. ಗಂಡಸರು ನೀರಿಗೂ ಬೇಲಿ ಹಾಕಲಿ. ನನಗೆ ನಮ್ಮ ಕೆರೆಯಂಚಿನ ಕೆಮ್ಮಣ್ಣು ಕಳಿಸು. ಮಳೆ ನಿಂತ ಮೇಲೆ ಊರಿಗೆ ಬರುತ್ತೇನೆ.

ನಿನ್ನ ಮುಯಾಲ್


ಸಕ್ ನಾಬ್
೨ ಇಮಿಶ್, ಸೋಟ್ಸ್ ತಿಂಗಳ ೧೯

ಮುಯಾಲ್,

ಮಣ್ಣು ಕಳಿಸಿದ್ದೇನೆ. ನೀರಲ್ಲಿ ಕದಡಿ ಇಟ್ಟು ಮೇಲಿನ ತಿಳಿಯನ್ನು ಮಾತ್ರ ಬಸಿದುಕೋ, ತಳಕ್ಕಿಳಿದ ಗಷ್ಟು ಚೆಲ್ಲು. ನಿನಗೆ ಅವಸರ ಜಾಸ್ತಿ. ಚಿಕ್ಕವಳಿದ್ದಾಗಲೂ ಗಷ್ಟು ಸೇರಿಸಿ ಬಳಿದು, ಆಮೇಲೆ ಹಕ್ಕಳೆ ಎದ್ದಿತು ಎಂದು ಅಳುತ್ತಿದ್ದೆ. ತೊಗಲಿನಷ್ಟು ಗಟ್ಟಿಯಾದಾಗ ಉಜ್ಜಬೇಕು. ಹಸಿ ಇದ್ದರೆ ಕಲ್ಲಿಗೆ ಮೆತ್ತುತ್ತದೆ, ಒಣಗಿದರೆ ಕಲ್ಲು ಗೀರುತ್ತದೆ. ಇದನ್ನೆಲ್ಲ ಮತ್ತೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಬೆಂಕಿಯ ಉಸಿರು ಕಟ್ಟಿಸಿದ್ದು ಓದಿದೆ. ಮುಚ್ಚುವಾಗ ಒಂದು ಮಗ್ಗುಲಿಗೆ ಗಾಳಿ ಬಿಟ್ಟಿದ್ದೀಯ, ಅಷ್ಟೇ. ಆದರೂ ಆ ಅರ್ಧರ್ಧ ಹೂಜಿ ನನಗೆ ಇಷ್ಟವಾಯಿತು. ನಿಮ್ಮತ್ತೆಯ ಮಾತೂ ಇಷ್ಟವಾಯಿತು.

ಇಲ್ಲಿ ಎಲ್ಲರೂ ಇದ್ದಾರೆ. ನಿಮ್ಮಪ್ಪ ದೊರೆಯ ಮನೆಯಲ್ಲಿ ಬರೆದು ಬರೆದು ಬೆನ್ನು ಬಗ್ಗಿಸಿಕೊಂಡಿದ್ದಾನೆ, ಮಾತು ಕಡಿಮೆ. ನಿನ್ನ ಬಟ್ಟಲು ಭದ್ರವಾಗಿದೆ. ಹಿಂದೆ ಎಂದೂ ಇಷ್ಟು ಭದ್ರವಾಗಿರಲಿಲ್ಲ.

ಈ ವರ್ಷ ಬರಬೇಡ. ದಾರಿ ಕೆಟ್ಟಿದೆ.

ದೊಡ್ಡಮ್ಮ


ತೂನ್ ಹಾ
೫ ಅಕ್ಬಾಲ್, ಯಾಶ್‌ಕಿನ್ ತಿಂಗಳ ೧

ದೊಡ್ಡಮ್ಮ,

ದಾರಿ ಕೆಟ್ಟಿದೆ ಎಂದು ಬರೆದೆಯಲ್ಲ. ಕುತ್ಸ್ ಅದೇ ದಾರಿಯಲ್ಲಿ ಬೆನ್ನ ಮೇಲೆ ಉಪ್ಪು ಹೊತ್ತು ಬಂದ, ಒಂದು ಹರಳೂ ಚೆಲ್ಲಿಲ್ಲ.

ನನ್ನನ್ನು ನೋಡಿದವನೇ ಬುಟ್ಟಿ ಇಳಿಸಿ ದೂರ ನಿಂತ. "ಏನೋ ಆಯ್ತು ನಿಂಗೆ?" ಎಂದೆ. "ಏನಿಲ್ಲಮ್ಮ, ನಿಮ್ ಜೊತೆ ಮಾತಾಡ್ಬೋದೋ ಬೇಡ್ವೋ ಅಂತ" ಎಂದು ನೆಲ ನೋಡಿದ. ಆಮೇಲೆ ಎಲ್ಲ ಹೇಳಿದ. ದೋಣಿಗಟ್ಟೆಯ ಸಿಟ್ಟಿಗೆ, ತೂನ್ ಹಾ ಊರಿಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ಸತ್ತರೆಂದು ನಮ್ಮ ದೊರೆ ಡಂಗುರ ಸಾರಿಸಿದನಂತೆ. ನಮ್ಮ ಬಟ್ಟಲುಗಳನ್ನು ಅಂಗಳಕ್ಕೆ ತರಿಸಿ, ಹೆಣದ ಜೊತೆ ಹೂಳುವ ಬಟ್ಟಲಿಗೆ ಮಾಡುವ ಹಾಗೆ ತೂತು ಕೊರೆಸಿ ಕೊಂದು, ಅವರವರ ಮನೆಯ ನೆಲದಡಿ ಹೂಳಿಸಿದನಂತೆ. ನನ್ನದು ಅಪ್ಪ ಮಲಗುವ ಚಾಪೆಯ ಕೆಳಗಿದೆಯಂತೆ. ಹಿಂದೆ ಎಂದೂ ಇಷ್ಟು ಭದ್ರವಾಗಿರಲಿಲ್ಲ ಎಂದು ನೀನು ಬರೆದದ್ದನ್ನು ನಾನು ಪ್ರೀತಿಯ ಮಾತು ಎಂದುಕೊಂಡು ನಾದಿನಿಗೂ ಓದಿ ಹೇಳಿದ್ದೆ.

ಈ ಸುದ್ದಿ ನನಗಿಂತ ಮೊದಲು ಈ ಮನೆಗೆ ಮುಟ್ಟಿತ್ತು. ಒಂದು ಬೆಳಿಗ್ಗೆ ನನ್ನ ಕುಂಚಗಳು ಜಾಗದಲ್ಲಿ ಇರಲಿಲ್ಲ. ಅತ್ತೆಯನ್ನು ಕೇಳಿದರೆ, "ಬೇಜಾರ್ ಮಾಡ್ಕೋಬೇಡ ಮುಯಾಲ್. ಹಿಂದೆ ಜನ ಇಲ್ದೋಳ ಹೆಸರು ಬಟ್ಟಲ ಮೇಲಿದ್ರೆ ಅದ್ರಲ್ಲಿ ಯಾರು ಕುಡೀತಾರೆ ಹೇಳು" ಎಂದರು. ಮೆತ್ತಗೆ ಹೇಳಿದರು, ಅದೇ ನನಗೆ ಹೆಚ್ಚು ಉರಿಯಿತು. ನಾನು ಅರ್ಧ ಬರೆದಿಟ್ಟ ಬಟ್ಟಲನ್ನು ದೊರೆಯ ಲಿಪಿಕಾರನೊಬ್ಬ ಮುಗಿಸುತ್ತಿದ್ದಾನೆ. ನಾನು ಬರೆದ ಕೊಕ್ಕರೆಗೆ ಬಾತುಕೋಳಿಯ ಕಾಲು ಬರೆದಿದ್ದಾನೆ. ನಾನು ಆಳುಗಳ ಸಾಲಿನಲ್ಲಿ ಕುಳಿತು ಮುಸುಕಿನ ಜೋಳ ಅರೆಯುತ್ತೇನೆ. ನನ್ನ ಗಂಡ ಯೋಪಾತ್ ಆ ಕಡೆ ಹಾಯುವಾಗ ಆಕಾಶ ನೋಡುತ್ತಾನೆ.

ಒಂದು ಮಾತು ಕೇಳುತ್ತೇನೆ. ಸುಟ್ಟ ಬಟ್ಟಲನ್ನು ಸೀಳದೆ ಕೊರೆಯಬಲ್ಲವರು ಆ ಊರಿನಲ್ಲಿ ಒಬ್ಬರೇ. ನನ್ನದನ್ನು ಕೊರೆದವರು ಯಾರು? ಹೆತ್ತ ತಾಯಿ ಹೋದ ಮೇಲೆ ನನ್ನನ್ನು ಸಾಕಿದವರಾ? ಹೌದಾದರೆ ಹೌದು ಎಂದು ಬರಿ. ಮಣ್ಣು ಬಸಿಯುವ ಪಾಠ ಬರೆಯಬೇಡ.

ಮುಯಾಲ್


ಸಕ್ ನಾಬ್
೬ ಓಕ್, ಮೋಲ್ ತಿಂಗಳ ೮

ಮುಯಾಲ್,

ಹೌದು. ನಾನೇ ಕೊರೆದೆ.

ಚೆನ್ನಾಗಿ ಬೈದಿದ್ದೀಯ. ಎರಡು ಸಲ ಓದಿದೆ. ಇಷ್ಟು ಬೈಯುವವಳು ಸತ್ತಿರಲು ಸಾಧ್ಯವಿಲ್ಲ ಎಂದು ಸಮಾಧಾನವಾಯಿತು. ಇನ್ನು ನನ್ನ ಸರದಿ, ಕೇಳು.

ಮೊದಲು ಆ ಕೆಲಸಕ್ಕೆ ಕರೆದದ್ದು ಕಲ್ಲು ಕೆತ್ತುವ ದಡ್ಡನನ್ನು. ಅವನು ಕಲ್ಲಿಗೆ ಹಾಕುವ ಏಟನ್ನೇ ಬಟ್ಟಲಿಗೂ ಹಾಕಿದ. ಮೊದಲನೆಯದು ಅಂಚಿನವರೆಗೂ ಸೀಳಿ ಎರಡಾಯಿತು. ಎರಡನೆಯದು ಹೋಳಾಯಿತು. ತೂತು ಬಿದ್ದ ಬಟ್ಟಲಾದರೆ ಸತ್ತವರ ಜೊತೆ ಹೋಗುತ್ತದೆ, ಹೋಳಾದದ್ದು ಎಲ್ಲಿಗೂ ಹೋಗುವುದಿಲ್ಲ, ಆ ಜೀವ ಇತ್ತಲೂ ಇಲ್ಲದೆ ಅತ್ತಲೂ ಇಲ್ಲದೆ ಮನೆ ಸುತ್ತುತ್ತದೆ ಎಂದು ಆ ಎರಡು ಮನೆಯವರು ಅಂಗಳದಲ್ಲೇ ಬಾಯಿ ಬಡಿದುಕೊಂಡರು. ದೊರೆಗೂ ಹೆದರಿಕೆಯಾಯಿತು. ಆಗ ನನಗೆ ಹೇಳಿಕಳಿಸಿದರು. ನಾನು ಬರುವುದಿಲ್ಲ ಎಂದಿದ್ದರೆ ನಿನ್ನದು ಆ ದಡ್ಡನ ಕೈಗೆ ಹೋಗುತ್ತಿತ್ತು. ನಾನು ಮಣ್ಣು ಬಸಿದು, ಸುರುಳಿ ಮಾಡಿ ಸುತ್ತಿ, ಮೂರು ಬಣ್ಣ ಬಳಿದು, ಉಜ್ಜಿ ಸುಟ್ಟ ಬಟ್ಟಲು ಅದು. ಮುಟ್ಟುವುದಾದರೆ ನಾನೇ ಮುಟ್ಟಬೇಕು.

ಕೊರೆಯಲು ಜೊಂಡಿನ ಕೊಳವೆ, ಮರಳು, ನೀರು ಹಿಡಿದು ಕುಳಿತೆ. ದೊರೆಯ ಕೋಲುಗಾರ ನೆತ್ತಿಯ ಮೇಲೇ ನಿಂತಿದ್ದ.

"ತಳದ ಮಧ್ಯೆ ಕೊರೀಬೇಕು. ಇದೇನು ಪಕ್ಕಕ್ಕೆ ಹೋಗ್ತಿದ್ದೀಯ?" ಎಂದ.

"ಮಧ್ಯೆ ಕೊರೆದ್ರೆ ಸೀಳುತ್ತೆ. ನೀನು ಕೊರೀತೀಯಾ? ತಗೋ" ಎಂದು ಕೊಳವೆ ಚಾಚಿದೆ.

"ನಂಗ್ಯಾಕಮ್ಮ. ಬೇಗ ಮುಗ್ಸು" ಎಂದು ಹಿಂದೆ ಸರಿದ.

ಮಧ್ಯದಲ್ಲಿ ಕೊರೆದರೂ ಸೀಳುತ್ತಿರಲಿಲ್ಲ. ಉಳಿದವರ ಬಟ್ಟಲಿಗೂ ನಾನು ಪಕ್ಕದಲ್ಲೇ ಕೊರೆದೆ. ನಿನ್ನದಕ್ಕೆ ಮಾತ್ರ ಜಾಗ ಹುಡುಕಿ ಕೊರೆದೆ. ನೀನು ಬಟ್ಟಲು ಎತ್ತುವುದು ಹೇಗೆ ಎಂದು ನೆನಪು ಮಾಡಿಕೋ. ಎಡ ಅಂಗೈಯನ್ನು ತಳಕ್ಕೆ ಕೊಟ್ಟು, ಹೆಬ್ಬೆರಳನ್ನು ಬಟ್ಟಲ ಗೋಡೆಯ ಬುಡಕ್ಕೆ ಒತ್ತಿ ಹಿಡಿಯುತ್ತೀಯ. ಹಾಗೆ ಹಿಡಿಯಬೇಡ, ಆಳುಮಕ್ಕಳು ಹಿಡಿದ ಹಾಗಿದೆ ಎಂದು ನಿನಗೆ ಎಷ್ಟು ಗದರಿದ್ದೇನೆ. ತೂತು ಆ ಹೆಬ್ಬೆರಳು ಕೂರುವ ಜಾಗದಲ್ಲಿದೆ, ಹೆಬ್ಬೆರಳಿಗಿಂತ ಸಣ್ಣದು.

ಮೊದಲೇ ಯಾಕೆ ಬರೆಯಲಿಲ್ಲ ಎಂದರೆ, ನಿನಗೆ ಸುದ್ದಿ ಮುಟ್ಟುವ ಮೊದಲೇ ಗಂಡಸರ ಜಗಳ ತಣ್ಣಗಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ.

ದೊರೆ ಸಾರಿಸಿದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ನೀನು ಸತ್ತಿದ್ದೀಯೋ ಬದುಕಿದ್ದೀಯೋ ನೀನೇ ಬರಿ. ಬದುಕಿದ್ದರೆ ಬಟ್ಟಲು ಕಳಿಸುತ್ತೇನೆ.

ದೊಡ್ಡಮ್ಮ


ತೂನ್ ಹಾ
೩ ಕಿಮಿ, ಯಾಶ್ ತಿಂಗಳ ೪

ದೊಡ್ಡಮ್ಮ,

ಇವತ್ತು ಕಿಮಿ, ಸಾವಿನ ದೇವರ ದಿನ. ಬೇಕೆಂದೇ ಈ ದಿನ ಬರೆಯುತ್ತಿದ್ದೇನೆ. ಬದುಕಿದ್ದೇನೆ. ಕಳಿಸು.

ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಆದರೆ ಜೋಳ ಅರೆಯುವಾಗ ಎಡಗೈಯನ್ನು ಹಾಗೇ ಹಿಡಿದು ನೋಡಿಕೊಂಡೆ, ಹೆಬ್ಬೆರಳು ಎಲ್ಲಿ ಬೀಳುತ್ತದೆ ಎಂದು. ಪಕ್ಕದವಳು, "ಏನಕ್ಕಾ, ಗಾಳೀಲಿ ಕುಡೀತಿದ್ದೀಯ?" ಎಂದು ನಕ್ಕಳು.

ಬೇಗ ಕಳಿಸು. ಸುಗ್ಗಿಯ ಹೊತ್ತಿಗೆ ದೊರೆಗಳು ರಾಜಿಯಾಗುತ್ತಾರಂತೆ. ನಿಮ್ಮ ದೊರೆ, ಇನ್ನು ನಮ್ಮ ದೊರೆ ಎನ್ನಲಾರೆ, ಇಲ್ಲಿಗೇ ಬರುತ್ತಾನೆ, ನಮ್ಮ ಅಂಗಳದಲ್ಲೇ ಔತಣ. ಸಂಧಿಗೆ ಮತ್ತೆ ಹೆಣ್ಣು ಬೇಕಲ್ಲ. ಮೊದಲು ಕೊಟ್ಟವಳು ಸತ್ತಿರುವುದರಿಂದ ಜಾಗ ಖಾಲಿ ಇದೆ. ಯೋಪಾತನಿಗೇ ಹೊಸ ಹೆಂಡತಿ. ಈ ಸಲ ಧೈರ್ಯ ಮಾಡಿ ಅವನ ಎದುರು ನಿಂತು ಕೇಳಿದೆ.

"ನಾನೇನ್ ಮಾಡ್ಲಿ ಮುಯಾಲ್? ನಿಮ್ಮೂರಿನವ್ರೇ ನಿನ್ನ ಹೂತ್ರು" ಎಂದ.

"ಹೂತೋಳ ಕೈ ರೊಟ್ಟಿ ದಿನಾ ತಿಂತೀಯಲ್ಲ, ಗಂಟ್ಲಲ್ಲಿ ಇಳಿಯುತ್ತಾ?" ಎಂದೆ.

ಅವನು ರೊಟ್ಟಿಯನ್ನು ಕೆಳಗಿಟ್ಟ. ಕೆಟ್ಟವನಲ್ಲ, ಮೆತ್ತಗಿನವನು. ಅವನ ತಾಯಿ ಹೇಳಿದಂತೆ ನಡೆಯುತ್ತಾನೆ. ಹೊಸಬಳು ಬಂದ ಮೇಲೆ ನಾನು ಅವಳ ಕಾಲಿಗೆ ನೀರು ಕೊಡಬೇಕು, ಕುಂಚ ಇನ್ನು ಈ ಜನ್ಮದಲ್ಲಿ ಇಲ್ಲ. ಅದಕ್ಕೇ ಬೇಗ ಎಂದದ್ದು.

ಮುಯಾಲ್


ಸಕ್ ನಾಬ್
೨ ಚುವೆನ್, ಸಕ್ ತಿಂಗಳ ೯

ಮುಯಾಲ್,

ನಿಮ್ಮಪ್ಪ ಮನೆಯಲ್ಲಿ ಇಲ್ಲದಾಗ ಅಗೆಯಬೇಕು ಎಂದುಕೊಂಡಿದ್ದೆ. ಅವನು ದೊರೆಯ ಬರೆಯುವ ಕೆಲಸವನ್ನೂ ಮನೆಗೇ ತಂದುಕೊಂಡು ಕದಲಲೇ ಇಲ್ಲ. ಕೊನೆಗೆ ಹಟ ಬಂದು ಅವನೆದುರೇ ಅಗೆಯುವ ಕೋಲು ಹಿಡಿದು ನಿಂತೆ. "ಏಳು" ಎಂದೆ. ಎದ್ದ. ತಾನೇ ಚಾಪೆ ಸುತ್ತಿ ಗೋಡೆಗೆ ಒರಗಿಸಿದ. ನಾನು ಅಗೆದು ತೆಗೆಯುವವರೆಗೂ ಬಾಗಿಲಲ್ಲಿ ಬೆನ್ನು ಹಾಕಿ ನಿಂತಿದ್ದ. ಕಾವಲಿಗೆ ನಿಂತನೋ, ನೋಡಲಾರದೆ ನಿಂತನೋ, ನಾನು ಕೇಳಲಿಲ್ಲ. ಆಮೇಲೆ ಗುಂಡಿಗೆ ಒಂದು ಹಳೆಯ ಗಂಜಿಯ ಬೋಗುಣಿ ಹಾಕಿ ಮುಚ್ಚಿದ. "ಇಷ್ಟು ದಿನ ನಿದ್ದೆ ಇರ್ಲಿಲ್ಲ ಅಕ್ಕ" ಎಂದ. ಅಷ್ಟೇ.

ಬಟ್ಟಲನ್ನು ಹತ್ತಿಯಲ್ಲಿ ಸುತ್ತಿದ್ದೇನೆ. ಮೈಯಲ್ಲಿ ಒಂದು ಗೀರೂ ಇಲ್ಲ. ಒರೆಸಿದಾಗ ಕೆಂಪು ಹಾಗೇ ಎದ್ದು ಬಂತು, ನನ್ನ ಮುಖ ಕಾಣಿಸಿತು. ಮುಖ ಮುದಿಯಾಗಿದೆ, ಬಟ್ಟಲು ಆಗಿಲ್ಲ.

ಬರಿ ನೀರು ಹಾಕಿ ಅಭ್ಯಾಸ ಮಾಡಿಕೋ. ಔತಣದಲ್ಲಿ ಕೋಕೋ ಬಿಸಿ ಇರುತ್ತದೆ, ಬೆರಳು ಸುಡುತ್ತದೆ. ಸುಟ್ಟರೂ ತೆಗೆಯಬೇಡ.

ದೊಡ್ಡಮ್ಮ


ತೂನ್ ಹಾ
೯ ಕಾನ್, ಮಾಕ್ ತಿಂಗಳ ೨

ದೊಡ್ಡಮ್ಮ,

ಕುಂಚ ಹಿಡಿಯುವ ಬಲಗೈಯಲ್ಲಿ ಬರೆಯುತ್ತಿದ್ದೇನೆ. ಎಡ ಹೆಬ್ಬೆರಳಿಗೆ ಜೇನುತುಪ್ಪ ಸವರಿ ಎಲೆ ಕಟ್ಟಿದ್ದಾರೆ. ಕಟ್ಟಿದವರು ನಮ್ಮತ್ತೆ.

ನಿನ್ನೆ ಕಡುಬಿನ ಬುಟ್ಟಿ ಹೊರುವ ಆಳುಗಳ ಜೊತೆ ಅಂಗಳಕ್ಕೆ ಹೋದೆ. ನಿಮ್ಮ ದೊರೆ ಚಿರತೆಯ ಚರ್ಮದ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಹೊಸ ಹುಡುಗಿ, ತಲೆ ಎತ್ತಿರಲಿಲ್ಲ. ನಾನು ಬುಟ್ಟಿ ಇಳಿಸಿದೆ, ಮಡಿಲಿನಿಂದ ಬಟ್ಟಲು ತೆಗೆದೆ, ಅತಿಥಿಗಳ ಸಾಲಿನ ಕೊನೆಗೆ ಹೋಗಿ ಚಾಪೆಯ ಮೇಲೆ ಕುಳಿತೆ. ಯೋಪಾತ್ ಆಕಾಶ ನೋಡಿದ.

ಕೋಕೋ ಹೊಯ್ಯುತ್ತಿದ್ದವನು ನಿಮ್ಮ ದೊರೆಯ ಜೊತೆ ಬಂದ ಮುದುಕ ಹುನ್. ಹೊಯ್ಯುವವನು ಅಂಚಿನ ಹೆಸರು ಓದದೆ ಯಾರಿಗೂ ಹೊಯ್ಯುವ ಹಾಗಿಲ್ಲವಲ್ಲ. ಅವನಿಗೆ ಕಣ್ಣು ಮಂದ. ನಾನು ಹಿಡಿದಿದ್ದ ಬಟ್ಟಲಿಗೆ ಮೂಗು ತಾಗುವಷ್ಟು ಬಾಗಿ, ಜೋರಾಗಿ ಓದಿದ: "ಇದು ಇಶ್ ಮುಯಾಲಳ ಕೋಕೋ ಬಟ್ಟಲು." ಓದಿದ ಮೇಲೆ ಅವನಿಗೆ ತಾನು ಏನು ಓದಿದೆನೆಂದು ಗೊತ್ತಾಯಿತು. ನನ್ನ ಮುಖ ನೋಡಿದ. ಮುದುಕ ಹೂಜಿಯನ್ನು ತಲೆಯ ಮೇಲಕ್ಕೆತ್ತಿ, ನೊರೆ ಏಳುವ ಹಾಗೆ ಎತ್ತರದಿಂದ ಅಂಚಿನವರೆಗೂ ಹೊಯ್ದ. ಯಾಕೆ ಹೊಯ್ದನೋ, ಅವನನ್ನೇ ಕೇಳು.

ಸುಟ್ಟಿತು ದೊಡ್ಡಮ್ಮ. ಕೆಂಡ ಮುಟ್ಟಿದ ಹಾಗೆ ಸುಟ್ಟಿತು. ತೆಗೆಯಲಿಲ್ಲ.

"ಅದು ಸತ್ತವಳ ಬಟ್ಟಲು" ಎಂದ ನಿಮ್ಮ ದೊರೆ. "ತೂತಿದೆ ಅದಕ್ಕೆ. ನಾನೇ ಕೊರೆಸಿದ್ದು."

"ತೂತಿದ್ರೆ ಸೋರ್ಬೇಕಲ್ಲ ಬುದ್ಧಿ" ಎಂದೆ. "ಚಾಪೆ ನೋಡಿ."

ಎಲ್ಲರೂ ಚಾಪೆ ನೋಡಿದರು. ಒಂದು ಹನಿ ಇರಲಿಲ್ಲ.

"ಬೆರಳು ಅಡ್ಡ ಇಟ್ಟಿದ್ದೀಯ. ತೆಗಿ."

"ನೀವೂ ಬೆರಳಲ್ಲೇ ಹಿಡಿದಿದ್ದೀರಿ. ನೀವು ನಿಮ್ಮ ಬಟ್ಟಲಿಂದ ಬೆರಳು ತೆಗೀರಿ, ಆಮೇಲೆ ನಾನು ತೆಗೀತೀನಿ."

ಯಾರೋ ಕಿಸಕ್ಕನೆ ನಕ್ಕರು. ಯಾರೆಂದು ಹೇಳಲೇ? ಆ ಹೊಸ ಹುಡುಗಿ. ನಾನು ಅವನ ಮುಖ ನೋಡುತ್ತಲೇ ಕುಡಿದೆ. ಅವಸರ ಮಾಡಲಿಲ್ಲ. ಮೆಣಸಿನಕಾಯಿಯ ಖಾರ ಹೆಚ್ಚಾಗಿತ್ತು, ಅದನ್ನೂ ಬಾಯಿಬಿಟ್ಟು ಹೇಳಿದೆ. ಕೊನೆಯ ನೊರೆಯವರೆಗೂ ಕುಡಿದು ಬಟ್ಟಲನ್ನು ಬೋರಲು ಹಾಕಿದೆ.

ಆಗ ಅತ್ತೆ ಎದ್ದು ನಿಂತರು. ನನ್ನ ಮೇಲಿನ ಪ್ರೀತಿಯಿಂದ ಎಂದುಕೊಳ್ಳಬೇಡ. ಇನ್ನೊಬ್ಬ ಸೊಸೆಯನ್ನು ಕೂರಿಸಿ ಉಣ್ಣಿಸುವ ಲೆಕ್ಕ ಅವರ ತಲೆಯಲ್ಲಿತ್ತು, ಆ ಅರ್ಧರ್ಧ ಹೂಜಿ ಮಾಡಿದ ಕೈಯನ್ನು ಕಳೆದುಕೊಳ್ಳಬಾರದೆಂಬ ಲೆಕ್ಕವೂ ಇತ್ತು. "ನಿಮ್ಮವನೇ ಹೆಸರು ಓದಿದ, ನಿಮ್ಮವನೇ ಹೊಯ್ದ, ನೀವು ನೋಡ್ತಿದ್ದ ಹಾಗೇ ನನ್ ಸೊಸೆ ಕುಡಿದ್ಲು. ಹೆಣ ಕುಡಿಯೋದನ್ನ ನಾನಂತೂ ಕಂಡಿಲ್ಲ. ಈ ಮಗೂನ ವಾಪಸ್ ಕರ್ಕೊಂಡ್ ಹೋಗಿ" ಎಂದರು. ಅಂಥ ಗಟ್ಟಿ ದನಿಯಲ್ಲಿ ಅವರು ನನ್ನ ಪರ ಮಾತಾಡಿದ್ದು ಅದೇ ಮೊದಲು. ಯೋಪಾತ್ ಕೂಡ ಆಕಾಶ ಬಿಟ್ಟು ಕೆಳಗೆ ನೋಡಿದ, ಬಂದು ನನ್ನ ಚಾಪೆಯ ಮೇಲೆ ಕುಳಿತ.

ಸಂಧಿಗೆ ನಾನೇ ಸಾಕಂತೆ, ಹುಡುಗಿ ನಿಮ್ಮ ದೊರೆಯ ಜೊತೆಗೇ ಮರಳಿ ಬರುತ್ತಿದ್ದಾಳೆ. ಇವತ್ತು ಬೆಳಿಗ್ಗೆ ನನ್ನ ಕುಂಚಗಳು ಜಾಗಕ್ಕೆ ಬಂದಿದ್ದವು. ಮೊದಲು ಆ ಬಾತುಕೋಳಿಯ ಕಾಲು ಕೆರೆದು ಹಾಕಿದೆ. ಉಳಿದ ಹೆಣ್ಣುಮಕ್ಕಳ ಬಟ್ಟಲನ್ನೂ ಅಗೆದು ಕಳಿಸು. ಅವರ ಹೆಬ್ಬೆರಳು ಎಲ್ಲಿ ಬೀಳುತ್ತದೋ ಗೊತ್ತಿಲ್ಲ, ಕಲಿಸುತ್ತೇನೆ.

ನನಗೆ ಈಗ ಒಂದೇ ಹೆದರಿಕೆ. ಅಗೆದವರು ಯಾರೆಂದು ದೊರೆ ಕೇಳುತ್ತಾನೆ. ಗೊತ್ತಿಲ್ಲ ಎಂದುಬಿಡು.

ನಿನ್ನ ಮುಯಾಲ್


ಸಕ್ ನಾಬ್
೨ ಮುಲುಕ್, ಮುವಾನ್ ತಿಂಗಳ ೭

ಮುಯಾಲ್, ನನ್ನ ಕಂದ,

ಗೊತ್ತಿಲ್ಲ ಎನ್ನಲಿಲ್ಲ. ದೊರೆ ಅಂಗಳದಲ್ಲಿ ನಿಲ್ಲಿಸಿ, "ಅಗೆದೋರು ಯಾರು?" ಎಂದ. "ನಾನು" ಎಂದೆ. "ತೂತನ್ನ ಪಕ್ಕಕ್ಕೆ ಕೊರೆದೋರು?" ಎಂದ. "ಅದೂ ನಾನೇ. ನೀವು ಹೇಳಿದ್ದು ಕೊರೀಬೇಕು ಅಂತ. ಬೆರಳು ಅಡ್ಡ ಬರಬಾರ್ದು ಅಂತ ಹೇಳಿರ್ಲಿಲ್ಲ" ಎಂದೆ. ನಿಮ್ಮಪ್ಪ ಬರೆಯುವುದನ್ನು ನಿಲ್ಲಿಸಿ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತ. ಈ ಸಲ ಬೆನ್ನು ಹಾಕಿ ನಿಲ್ಲಲಿಲ್ಲ.

ಹೋಳಾದ ಬಟ್ಟಲಿನ ಆ ಎರಡು ಮನೆಯವರೂ ಬಂದು ಕುಳಿತಿದ್ದಾರೆ. ಅವರ ಹುಡುಗಿಯರಿಗೆ ಹೊಸ ಬಟ್ಟಲು ಮಾಡಬೇಕಂತೆ, ಹೆಸರು ಹಾಕಿ. ಮಣ್ಣು ನೆನೆ ಹಾಕಿದ್ದೇನೆ. ಉಳಿದವರದನ್ನು ಕುತ್ಸನ ಬುಟ್ಟಿಯಲ್ಲಿ ಉಪ್ಪಿನ ಕೆಳಗೆ ಇಟ್ಟಿದ್ದೇನೆ, ಹುಷಾರಾಗಿ ಇಳಿಸಿಕೋ.

ಹೆದರಬೇಡ. ದೊರೆ ನನ್ನನ್ನು ಹೊಡೆಸಲಿಲ್ಲ. ನಾನು ಸತ್ತೆನೆಂದು ಸಾರಿಸಿದ್ದಾನೆ, ನನ್ನ ಬಟ್ಟಲನ್ನೂ ಕೊಲ್ಲಬೇಕಂತೆ. ಈ ಸಲ ತಳದ ಸರಿಯಾಗಿ ಮಧ್ಯದಲ್ಲಿ, ದೊಡ್ಡದಾಗಿ. ಕಲ್ಲು ಕೆತ್ತುವವನು ಮುಟ್ಟಲಾರೆ ಎಂದು ಕೈಮುಗಿದ. ಹೋಳಾದರೆ ನನ್ನಂಥವಳ ಜೀವ ಅರಮನೆ ಸುತ್ತುವುದು ದೊರೆಗೂ ಬೇಡ. ಸೀಳದೆ ಕೊರೆಯಬಲ್ಲವರು ಊರಿನಲ್ಲಿ ಒಬ್ಬರೇ ಎಂದು ನೀನೇ ಬರೆದಿದ್ದೆಯಲ್ಲ. ಕೋಲುಗಾರ ದಿನಾ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ನಾನು ನನ್ನ ಬಟ್ಟಲಲ್ಲೇ ಕೋಕೋ ಕುಡಿಯುತ್ತಾ, ಕೈನೋವು ಕಣಪ್ಪ, ವಾಸಿಯಾದ ಮೇಲೆ ಕೊರೀತೀನಿ ಎಂದು ಹೇಳಿ ಕಳಿಸುತ್ತೇನೆ. ಈ ಕೈನೋವು ನಾನು ಸಾಯುವವರೆಗೆ ವಾಸಿಯಾಗುವುದಿಲ್ಲ.

ದೊಡ್ಡಮ್ಮ